ಮತ್ಸುಮೊತೊ ಕೋಟೆ ಯಾರದ್ದು?

ಗೆಳೆಯರೇ, ನಿನ್ನೆ ಜಪಾನಿನ ಮತ್ಸುಮೊತೊ ಕೋಟೆಯ ಫೋಟೋ ಹಾಕಿದಾಗ ಹಲವರು 'ಇದು ಯಾವ ರಾಜನ ಕೋಟೆ?' ಎಂದು ಕೇಳಿದ್ದೀರಿ. ಒಬ್ಬರದ್ದಲ್ಲ. 1590ರಿಂದ 1871ರವರೆಗೆ 6 ಮನೆತನಗಳ 23 ಒಡೆಯರು ಅಲ್ಲಿದ್ದರು. ಅದಕ್ಕೂ ಮೊದಲು ಇದರ ಹೆಸರು ಫುಕಾಶಿ. ಅದನ್ನು ಓಗಸವಾರ ಮನೆತನದಿಂದ ತಕೇದ ಮನೆತನ ಕಿತ್ತುಕೊಂಡಿತು. 1582ರಲ್ಲಿ ಓಗಸವಾರರು ಮರಳಿ ಪಡೆದು ಹೆಸರು ಬದಲಿಸಿದರು.

ನಾವು ನೋಡುವ ಆ ಕಪ್ಪು ಗೋಪುರ ಇಶಿಕಾವ ಮನೆತನದ ತಂದೆ-ಮಗನ ಕೆಲಸ. ಆಮೇಲೆ ಓಗಸವಾರ, ತೋದ ಮನೆತನಗಳು ಒಡೆಯರಾಗಿ ಬಂದವು. ಒಡೆಯರನ್ನು ಊರಿಂದೂರಿಗೆ ಕಳಿಸುವ ಅಧಿಕಾರ ಎದೊದ (ಇಂದಿನ ಟೋಕಿಯೊ) ಶೋಗನ್‌ಗೆ, ಅಂದರೆ ದೇಶ ಆಳುತ್ತಿದ್ದ ಸೇನಾಧಿಪತಿಗೆ, ಇತ್ತು. ಹಾಗಾಗಿ ಕೆಲವರು ಬಹಳ ಕಾಲ ನಿಲ್ಲಲಿಲ್ಲ. ಮತ್ಸುದೈರ ನಾವೊಮಾಸ ಇದ್ದದ್ದು 1633ರಿಂದ 5 ವರ್ಷ ಮಾತ್ರ. ಆದರೂ ಶೋಗನ್ ಬರುತ್ತಾರೆಂದು ಚಂದ್ರನನ್ನು ನೋಡಲು ಮೂರು ಕಡೆ ತೆರೆದ ಕೋಣೆ ಕಟ್ಟಿಸಿದ. ಶೋಗನ್ ಬರಲೇ ಇಲ್ಲ! ಕೋಟೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದೇ.

ಅವನ ನಂತರ ಹೊತ್ತ ಎಂಬ ಹೆಸರಿನ ಮನೆತನ, ಆಮೇಲೆ 1642ರಲ್ಲಿ ಮಿಜುನೊ ಮನೆತನದವರು ಬಂದರು. ಇವರ ಕಾಲವನ್ನು ಮರೆಯಬಾರದು. 1686ರಲ್ಲಿ ತೆರಿಗೆ ಭಾರ ತಾಳದೆ ರೈತರು ಎದ್ದರು. ಮುಂದಾಳು ತಾದಾ ಕಾಸುಕೆ ಮತ್ತು ಸಂಗಡಿಗರನ್ನು ಕೊಂದರು. 1725ರಲ್ಲಿ ಮಿಜುನೊ ಒಡೆಯ ಎದೊ ಕೋಟೆಯೊಳಗೇ ಕತ್ತಿ ಎಳೆದು ಒಬ್ಬರ ಮೇಲೆರಗಿದ. ಅದರಿಂದ ಅವನ ಸೀಮೆ ಕೈತಪ್ಪಿ ಹೋಯಿತು. ಮರುವರ್ಷ ತೋದ ಮನೆತನ ವಾಪಸ್ ಬಂದು ಕೊನೆವರೆಗೂ ಉಳಿಯಿತು.

ಇನ್ನು ಮುಂದೆ ಕೋಟೆಯ ಫೋಟೋ ಹಾಕುವಾಗ ಆ ಭಾಗ ಕಟ್ಟಿಸಿದ ಮನೆತನದ ಹೆಸರನ್ನೂ ದಯವಿಟ್ಟು ಬರೆಯಿರಿ.