ಎಲ್ಲ ಓಣಿಗೂ ಕಾಂಕ್ರೀಟ್ ಬೇಕಾ?

ಮಾನ್ಯ ಸಂಪಾದಕರೇ,

ಊರಿನ ಒಳ ರಸ್ತೆಗಳಿಗೆಲ್ಲ ಕಾಂಕ್ರೀಟ್ ಹಾಕಿಬಿಡಬೇಕು ಎಂದು ನಮ್ಮ ಕಡೆಯವರೊಬ್ಬರು ನಿಮ್ಮ ಪತ್ರಿಕೆಗೆ ಬರೆದದ್ದನ್ನು ಓದಿದೆ. ಅವರ ಕಷ್ಟ ನನಗೆ ಗೊತ್ತು. ಆ ರಸ್ತೆಗಳಲ್ಲಿ 31 ವರ್ಷ ಟಪಾಲು ಚೀಲ ನೇತುಹಾಕಿಕೊಂಡು ಸೈಕಲ್ ತುಳಿದವನು ನಾನು. ಆದರೂ ‘ಎಲ್ಲ’ ಎಂಬ ಆ ಒಂದು ಮಾತಿಗೆ ನನ್ನ ತಕರಾರಿದೆ.

ಕೊಡಗಿನ ನಾಪೋಕ್ಲು ಕಡೆಯ ನಿವೃತ್ತ ಪೋಸ್ಟ್‌ಮ್ಯಾನ್ ನಾನು. ವಯಸ್ಸು 63. ಇನ್ನು ಸೈಕಲ್ ಸಾಕಪ್ಪಾ ಅಂದುಕೊಂಡಿದ್ದೆ. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ತಂಗಿಯ ಮಗ ತನ್ನ ಹಳೇ ಗ್ರಾವೆಲ್ ಸೈಕಲನ್ನು, ಅಂದರೆ ಜಲ್ಲಿ, ಮಣ್ಣಿನ ದಾರಿಗೆಂದೇ ಮಾಡಿದ ಸೈಕಲನ್ನು, ಕಾರಿನ ಹಿಂದೆ ಕಟ್ಟಿಕೊಂಡು ಬಂದು ಇಲ್ಲೇ ಬಿಟ್ಟು ಹೋದ. ಹ್ಯಾಂಡಲ್ ರೇಸ್ ಸೈಕಲ್ಲಿನದೇ, ಟಗರಿನ ಕೊಂಬಿನ ಹಾಗೆ ಕೆಳಗೆ ಬಗ್ಗಿದೆ. ಟಯರ್ ಮಾತ್ರ ದಪ್ಪ, 45 ಮಿಲಿಮೀಟರ್. ಗಾಳಿ ಕಮ್ಮಿ ಇರಬೇಕು, ನನ್ನ ತೂಕಕ್ಕೆ 30 ಪಿಎಸ್‌ಐ ಒತ್ತಡ ಸಾಕು. ಬಿಗಿಯಾಗಿ ತುಂಬಿದರೆ ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ. ಸ್ವಲ್ಪ ಮೆತ್ತಗಿದ್ದರೆ ಟಯರೇ ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ಒಳಗೆ ಟ್ಯೂಬ್ ಇಲ್ಲ, ಹಾಲಿನಂಥ ಒಂದು ದ್ರವ ಇದೆ. ಮೊದಲ ವಾರವೇ ಬಿದಿರು ಮುಳ್ಳು ಚುಚ್ಚಿತು. ಮುಳ್ಳು ಕಿತ್ತೆ. ಬುಸ್ ಎಂದು ಬಿಳಿ ನೊರೆ ಬಂತು. ಚಕ್ರವನ್ನು ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ತಾನೇ ಹೆಪ್ಪುಗಟ್ಟಿ ನಿಂತಿತು! ಸರ್ವಿಸಿನಲ್ಲಿದ್ದಾಗ ಪಂಕ್ಚರ್ ಆದರೆ ನಾಲ್ಕೈದು ಮೈಲಿ ತಳ್ಳಿಕೊಂಡು ಬರುತ್ತಿದ್ದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಈಗ ಮಳೆ ನಿಂತರೆ ಸಾಕು, ಶನಿವಾರ ಭಾನುವಾರ ಇಂಥ ಸೈಕಲ್‌ನವರು ಒಬ್ಬಿಬ್ಬರಾದರೂ ನಮ್ಮ ಕಡೆ ಬರುತ್ತಾರೆ. ಅವರು ಕೇಳುವುದು ಒಂದೇ. ‘ಅಂಕಲ್, ಟಾರ್ ಇಲ್ಲದ ರೋಡ್ ಯಾವ ಕಡೆ?’ ಟಾರ್ ಯಾವಾಗ ಬರುತ್ತೆ ಅಂತ ಜನ ನನ್ನ ಕೇಳಿದ್ದು ಉಂಟು, ನಾನೇ ತರುವವನ ಹಾಗೆ. ಇಲ್ಲದ ಕಡೆ ಹುಡುಕಿಕೊಂಡು ಬಂದವರನ್ನು ನೋಡಿದ್ದು ಇದೇ ಮೊದಲು.

ದಾರಿ ಇಲ್ಲವಾ? ಬೇಕಾದಷ್ಟಿದೆ. ಕಾವೇರಿ ಬದಿಯ ಗದ್ದೆ ದಾರಿಗಳು, ಎರಡು ತೋಟದ ನಡುವೆ ಆಳುದ್ದ ತಗ್ಗಿನಲ್ಲಿ ಸಾಗುವ ಓಣಿಗಳು, ಹಳೇ ಕಡಂಗದ (ರಾಜರ ಕಾಲದ ಯುದ್ಧದ ಕಂದಕ) ಬದಿಯಲ್ಲೇ ಹೋಗುವ ಎತ್ತಿನ ಗಾಡಿ ಜಾಡು. ಕಕ್ಕಬ್ಬೆ ಕಡೆಗೆ ಹತ್ತಿದರೆ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ, ಅದರ ಹಿಂದೆ 1748 ಮೀಟರಿನ ತಡಿಯಂಡಮೋಳ್. (ಅಲ್ಲಿಗೆ ಸೈಕಲ್ ಬೇಡ, ನಡೆದೇ ಹೋಗಿ.) ಮಾರ್ಚಿನಲ್ಲಿ ಹೂ ಮಳೆ ಬಿದ್ದು ಕಾಫಿ ಅರಳಿದ ವಾರ ಈ ಓಣಿಗಳಲ್ಲಿ ತುಳಿಯಬೇಕು. ಎರಡೂ ಬದಿ ಬಿಳಿ. ಜೇನು ಹುಳದ ಸದ್ದಿಗೆ ಚೈನಿನ ಸದ್ದು ಕೇಳಿಸುವುದಿಲ್ಲ.

ನಮ್ಮಿಂದ ಸಮುದ್ರವೂ ದೂರ ಇಲ್ಲ. ಹೋದ ಡಿಸೆಂಬರ್‌ನಲ್ಲಿ ತಂಗಿಯ ಮಗ, ಅವನ ಇಬ್ಬರು ಗೆಳೆಯರ ಜೊತೆ ಹೋಗಿ ಬಂದೆ. ಹಿಂದಿನ ರಾತ್ರಿ ಭಾಗಮಂಡಲದಲ್ಲಿ ಉಳಿದುಕೊಂಡು, ಬೆಳಿಗ್ಗೆ 1276 ಮೀಟರ್ ಎತ್ತರದ ತಲಕಾವೇರಿಗೆ ಹತ್ತಿ ಕೈಮುಗಿದು, ವಾಪಸ್ ಇಳಿದು ಕರಿಕೆ ದಾರಿ ಹಿಡಿದೆವು. ಕಾವೇರಿ ಹುಟ್ಟುವ ಅಲ್ಲಿನ ಪುಟ್ಟ ಕುಂಡಿಕೆಯ ನೀರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಗುಡ್ಡದ ಆ ಬದಿಗೆ ಬಿದ್ದ ಮಳೆ ಪಶ್ಚಿಮಕ್ಕೆ ಇಳಿದು ಅರಬ್ಬೀ ಸಮುದ್ರಕ್ಕೆ. ನಾವು ಹಿಡಿದದ್ದು ಎರಡನೆಯ ನೀರಿನ ದಾರಿ. ಇಳಿಜಾರಿನ ಕಾಡಿನಲ್ಲಿ ಒಂದು ತಿರುವು ದಾಟಿದರೆ ರಸ್ತೆ ಮಧ್ಯೆ ಆನೆ ಲದ್ದಿ, ಇನ್ನೂ ಹಬೆ ಆಡುತ್ತಿತ್ತು. ಹುಡುಗರು ಫೋನ್ ತೆಗೆದರು. ನಾನು ಬೈದೆ. ಅಲ್ಲೇ ಬೆಲ್ ಹೊಡೆಯುತ್ತಾ ಅರ್ಧ ಗಂಟೆ ನಿಂತು, ಜೀಪೊಂದು ಬಂದ ಮೇಲೆ ಅದರ ಬೆನ್ನಿಗೆ ಇಳಿದೆವು. ಕೇರಳದ ಪಾಣತ್ತೂರು ದಾಟಿ, ನಮ್ಮ ಹಿರಿಯರು ಹೊಸದುರ್ಗ ಎನ್ನುತ್ತಿದ್ದ ಕಾಞಂಗಾಡ್ ಮುಟ್ಟಿ, ಸಂಜೆಗೆ ಬೇಕಲ ಕೋಟೆಯ ಕೆಳಗೆ ಮರಳಿನಲ್ಲಿ ಕೂತಿದ್ದೆವು. ಬೆಳಿಗ್ಗೆ ಸ್ವೆಟರ್, ಸಂಜೆ ಬನಿಯನ್. ಬ್ರೇಕ್ ಹಿಡಿದು ಹಿಡಿದು ಬೆರಳು ಮಡಚಲು ಆಗುತ್ತಿರಲಿಲ್ಲ.

ಇಷ್ಟು ದಾರಿಯಲ್ಲಿ ಮಣ್ಣಿನ ತುಂಡು ಸಿಕ್ಕಿದ್ದು ಊರ ಒಳಗಿನ ಅಡ್ಡ ದಾರಿಗಳಲ್ಲಿ ಮಾತ್ರ. ಅವೇ ಈಗ ಹೋಗುತ್ತಿವೆ.

ನಮ್ಮ ಓಣಿಯ ಕಥೆ ಕೇಳಿ. ಎರಡು ವರ್ಷದ ಹಿಂದೆ ಅರ್ಧ ಕಿಲೋಮೀಟರ್ ಕಾಂಕ್ರೀಟ್ ಬಂತು. ಹಾಕಿಸಿದವರು, ಹಾಕಿದವರು ಯಾರು ಎಂಬುದು ಇಲ್ಲಿ ಬೇಡ. ಚರಂಡಿ ಇಲ್ಲ. ಇದ್ದ ಹಳೇ ಚರಂಡಿಯನ್ನೂ ಮುಚ್ಚಿದರು. ಮೇಲೆ ಹಲಸು, ಬಳಂಜಿ ಮರದ ನೆರಳು. ನಮ್ಮ ಮಳೆ ಗೊತ್ತಲ್ಲ, ಜೂನ್ ಕಳೆಯುವಷ್ಟರಲ್ಲಿ ಆ ಕಾಂಕ್ರೀಟಿನ ಮೇಲೆ ಹಸಿರು ಪಾಚಿ, ಲೋಳೆಸರದ ಹಾಗೆ. ಹೋದ ಜುಲೈನಲ್ಲಿ ಹಾಲಿನ ಕ್ಯಾನ್ ಸಿಕ್ಕಿಸಿಕೊಂಡು ಅದರಲ್ಲಿ ಇಳಿದೆ. ಬ್ರೇಕ್ ಹಿಡಿದೆ, ಚಕ್ರ ನಿಂತಿತು, ಸೈಕಲ್ ನಿಲ್ಲಲಿಲ್ಲ. ಬಲ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಮೂವತ್ತೊಂದು ವರ್ಷ ಕೆಸರಿನಲ್ಲಿ ತುಳಿದು ಮುರಿಯದ ಕೈ ಅದು. ಕೆಸರಿನಲ್ಲಿ ಬಿದ್ದರೆ ಪಂಚೆ ಹೋಗುತ್ತದೆ, ಅಷ್ಟೆ. ಕೆಳಗಿನ ಗದ್ದೆಯವರ ಕಥೆ ಇನ್ನೂ ಕೆಟ್ಟದ್ದು. ಓಣಿಯ ನೀರೆಲ್ಲ ಒಂದೇ ಕಡೆ ಧುಮುಕಿ ಅವರ ಬದು ಒಡೆದು, ನಾಟಿ ಮಾಡಿದ ಮಡಿಯ ತುಂಬ ಜಲ್ಲಿ ಬಂದು ಕೂತಿತು.

ಮಣ್ಣಿನ ರಸ್ತೆ ಅಂದರೆ ಕೆಟ್ಟ ರಸ್ತೆ ಅಂತ ಯಾರು ಹೇಳಿದ್ದು? ಮಧ್ಯೆ ಸ್ವಲ್ಪ ಉಬ್ಬು ಇರಬೇಕು, ಎರಡೂ ಬದಿ ಚರಂಡಿ, ಇಳಿಜಾರಿನಲ್ಲಿ ಅಲ್ಲಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸುವ ಓರೆ ಕಾಲುವೆ. ಮೇಲೆ ಜಂಬಿಟ್ಟಿಗೆ ಪುಡಿ, ಸಣ್ಣ ಜಲ್ಲಿ ಹಾಕಿ ಧಮ್ಮಸು ಮಾಡಬೇಕು. ನನ್ನ ಅಪ್ಪನ ಕಾಲದಲ್ಲಿ ಮೇ ತಿಂಗಳಲ್ಲಿ ಮನೆಗೊಬ್ಬರಂತೆ ಗುದ್ದಲಿ ಹಿಡಿದು ಹೋಗಿ ಚರಂಡಿ ಕಡಿಯುತ್ತಿದ್ದರು. ಈಗ ಅದೇ ಕೆಲಸ ಉದ್ಯೋಗ ಖಾತರಿಯಲ್ಲಿ ಆಗಬಹುದು. ಪ್ರತಿ ವರ್ಷ ಕೈ ಹಾಕಬೇಕು, ಅದೇ ಯಾರಿಗೂ ಬೇಡ.

ತಂಗಿಯ ಮಗ ಹೇಳಿದ ಒಂದು ಸಂಗತಿ ಇದೆ. ಇಟಲಿಯ ಟಸ್ಕನಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಬಿಳಿ ಜಲ್ಲಿಯ ದಾರಿಗಳಿವೆಯಂತೆ. ಅವಕ್ಕೂ ಟಾರ್ ಬೀಳುತ್ತಾ ಬಂದಾಗ, ಅವನ್ನು ಉಳಿಸಿಕೊಳ್ಳಬೇಕೆಂದೇ 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ‘ಲೆರೋಯಿಕಾ’ ಎಂಬ ಸೈಕಲ್ ಸವಾರಿ ಶುರು ಮಾಡಿದರು. ಹಳೇ ಕಾಲದ ಸೈಕಲ್ಲಿಗೆ ಮಾತ್ರ ಪ್ರವೇಶ. ಹತ್ತು ವರ್ಷಕ್ಕೆ, 2007ರಲ್ಲಿ, ಅದೇ ದಾರಿಗಳಲ್ಲಿ ವೃತ್ತಿಪರರ ದೊಡ್ಡ ರೇಸ್ ಬಂತು. ಅವರಲ್ಲಿ ದ್ರಾಕ್ಷಿ ಬಳ್ಳಿ, ನಮ್ಮಲ್ಲಿ ಮೆಣಸಿನ ಬಳ್ಳಿ. ನಮಗೆ ರೇಸ್ ಬೇಡ. ನಮ್ಮ ಮಾಂದಲಪಟ್ಟಿ ಬೆಟ್ಟದ ದಾರಿಯಲ್ಲಿ ಪ್ರವಾಸಿಗರ ಜೀಪುಗಳ ಸಾಲು ನೋಡಿದವರಿಗೆ ಜಾತ್ರೆ ಎಂದರೇ ಭಯ.

ಮನೆಗಳಿರುವ ಕಡೆ, ಆಂಬ್ಯುಲೆನ್ಸ್ ಬರಬೇಕಾದ ಕಡೆ ಗಟ್ಟಿ ರಸ್ತೆ ಆಗಲೇಬೇಕು. ನನ್ನ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯ ರಸ್ತೆಯವರೆಗೆ ಹೊತ್ತವನು ನಾನು, ಅದರ ಬಗ್ಗೆ ನನ್ನ ಹತ್ತಿರ ವಾದ ಮಾಡಬೇಡಿ. ನಾನು ಕೇಳುವುದು ಗದ್ದೆಗೆ, ಹೊಳೆಗೆ, ದೇವರಕಾಡಿಗೆ ಹೋಗುವ, ಮೇಲೆ ಒಂದು ಮನೆಯೂ ಇಲ್ಲದ ಓಣಿಗಳನ್ನು ಮಣ್ಣಿನದಾಗಿಯೇ ಬಿಡಿ ಎಂದು. ಗ್ರಾಮಸಭೆಯಲ್ಲಿ ಅವುಗಳ ಪಟ್ಟಿ ಮಾಡಿ, ಚರಂಡಿಗೆ ದುಡ್ಡು ಕೊಟ್ಟು, ಮೂಲೆಗೊಂದು ಕಲ್ಲು ನೆಟ್ಟು ಊರಿನ ಹೆಸರು ಬರೆದರೆ ಸಾಕು.

ಬರುವ ಸೈಕಲ್‌ನವರಿಗೂ ಎರಡು ಮಾತು. ತೋಟದ ದಾರಿ ಖಾಸಗಿ, ಕೇಳಿ ಹೋಗಿ. ಉಣಗೋಲು (ದಾರಿಗೆ ಅಡ್ಡ ಹಾಕಿದ ಗಳು) ತೆಗೆದರೆ ಮತ್ತೆ ಹಾಕಿ. ಒಂದು ಭಾನುವಾರ ಹಾಗೇ ಬಿಟ್ಟು ಹೋದವರಿಂದ ಪಕ್ಕದ ಮನೆಯ ಹಸುಗಳು ಕಾಫಿ ನರ್ಸರಿಗೆ ನುಗ್ಗಿದವು, ಬೈಗುಳ ನನಗೆ ಬಿತ್ತು. ದೇವರಕಾಡಿನ ಒಳಗೆ ಸೈಕಲ್ ಬೇಡವೇ ಬೇಡ. ಸಂಜೆ ಐದರ ಮೇಲೆ ತುಳಿಯಬೇಡಿ, ಸಿದ್ದಾಪುರ, ಮಾಲ್ದಾರೆ ಕಡೆಯಂತೂ ಆನೆ ಓಡಾಟ ಜಾಸ್ತಿ.

ನಮ್ಮ ಊರಿನ ಮಟ್ಟಿಗೆ ಈಗ ಮಣ್ಣಿನದಾಗಿ ಉಳಿದಿರುವುದು ದೇವರಕಾಡಿನ ಕೆಳಗಿನಿಂದ ಹೊಳೆಗೆ ಇಳಿಯುವ ಒಂದೇ ಓಣಿ. ಮುಕ್ಕಾಲು ಕಿಲೋಮೀಟರ್ ಇರಬಹುದು. ಮೊನ್ನೆ ಮಂಗಳವಾರ ಅದರ ಬಾಯಲ್ಲಿ ಎರಡು ಲೋಡ್ ಜಲ್ಲಿ ಸುರಿದು ಹೋಗಿದ್ದಾರೆ. ಸಿಮೆಂಟ್ ಇನ್ನೂ ಬಂದಿಲ್ಲ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಇತಿ,
ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್
ನಾಪೋಕ್ಲು, ಕೊಡಗು