ಉಪಕರಣ ಮಾಡಿದವರ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಯಾವುದಾದರೂ ಕಾಲೇಜಿನ ಪ್ರಯೋಗಾಲಯಕ್ಕೆ ಹೊಸ ಉಪಕರಣ ಬಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಸುದ್ದಿಯಾಗುತ್ತದೆ. ಇಷ್ಟು ಲಕ್ಷದ್ದು, ಇಂಥವರು ಉದ್ಘಾಟಿಸಿದರು ಎಂಬಲ್ಲಿಗೆ ಸುದ್ದಿ ಮುಗಿಯಿತು. ಅದನ್ನು ಮಾಡಿದವರು ಯಾರು, ನಾಳೆ ಕೆಟ್ಟರೆ ಬಿಚ್ಚಿ ನೋಡುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಮಲೆನಾಡಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಈ ಎರಡು ಪ್ರಶ್ನೆಗಳು ಒಂದೇ ಪ್ರಶ್ನೆಯ ಎರಡು ಭಾಗಗಳೆಂದು ಅನ್ನಿಸುತ್ತದೆ. ಅದಕ್ಕೇ ಈ ಪತ್ರ.

ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳು ಬಳಸುವ ಸೂಕ್ಷ್ಮದರ್ಶಕದಲ್ಲಿ, ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಒಂದು ಭಾಗವಿದೆ. ಕೆಳಗಿನಿಂದ ಬರುವ ಬೆಳಕನ್ನು ಒಟ್ಟುಗೂಡಿಸಿ ಸ್ಲೈಡಿನ ಮೇಲೆ ಬೀಳಿಸುವುದು ಅದರ ಕೆಲಸ. ಅಬ್ಬೆ ಕಂಡೆನ್ಸರ್ ಎಂದು ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದು ಹೆಸರು ಗುರುತಿಸುತ್ತಾರೆ, ಅಂಕವೂ ಸಿಗುತ್ತದೆ. ಆ ಅಬ್ಬೆ ಯಾರೆಂದು ಮಾತ್ರ ಪಠ್ಯದಲ್ಲಿ ಎಲ್ಲೂ ಇಲ್ಲ.

ಕಥೆ ಶುರುವಾಗುವುದು ಜರ್ಮನಿಯ ಯೇನಾ ಎಂಬ ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ. 1846ರ ನವೆಂಬರಿನಲ್ಲಿ ಕಾರ್ಲ್ ಝೈಸ್ ಅಲ್ಲೊಂದು ಕಾರ್ಯಾಗಾರ ತೆರೆದರು. ಆಗ ಅವರಿಗೆ 30 ವರ್ಷ. ಅದೇ ಊರಿನ ಉಪಕರಣ ತಯಾರಕರೊಬ್ಬರ ಬಳಿ ಕೆಲಸ ಕಲಿತವರು. ಸಸ್ಯಗಳ ದೇಹ ಜೀವಕೋಶಗಳಿಂದಾಗಿದೆ ಎಂದು ಸಾರಿದ ಮಥಿಯಾಸ್ ಶ್ಲೈಡೆನ್ ಅಲ್ಲೇ ಪ್ರಾಧ್ಯಾಪಕರು. ಸೂಕ್ಷ್ಮದರ್ಶಕದ ಕಡೆಗೆ ಗಮನ ಕೊಡು ಎಂದು ಝೈಸ್‌ಗೆ ಹೇಳಿದ್ದು ಅವರೇ. ಸಸ್ಯಶಾಸ್ತ್ರದವನಾಗಿ ಈ ವಿಷಯ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಆ ಕಾಲದಲ್ಲಿ ಒಳ್ಳೆಯ ಲೆನ್ಸ್ ಎಂದರೆ ಕೈಗುಣ. ಗಾಜು ಉಜ್ಜುವುದು, ಜೋಡಿಸುವುದು, ಕಣ್ಣಿಟ್ಟು ನೋಡುವುದು, ಮಸುಕಾಗಿದ್ದರೆ ಬೇರೆ ಗಾಜು ಹಾಕಿ ಮತ್ತೆ ನೋಡುವುದು. ಮನಸ್ಸಿಗೆ ಒಪ್ಪದ ಸೂಕ್ಷ್ಮದರ್ಶಕಗಳನ್ನು ಝೈಸ್ ತಾವೇ ಸುತ್ತಿಗೆಯಿಂದ ಒಡೆದು ಹಾಕುತ್ತಿದ್ದರಂತೆ. ಹೀಗೆ 1866ರ ಹೊತ್ತಿಗೆ ಸಾವಿರ ಸೂಕ್ಷ್ಮದರ್ಶಕ ಮಾರಿದ್ದರು, ಹೆಸರೂ ಬಂದಿತ್ತು. ಆದರೆ ಒಂದು ಲೆನ್ಸ್ ಚೆನ್ನಾಗಿ ಬಂದರೆ ಯಾಕೆ ಬಂತು, ಮುಂದಿನದು ಕೆಟ್ಟರೆ ಯಾಕೆ ಕೆಟ್ಟಿತು ಎಂದು ಹೇಳಲು ಆ ಕಾರ್ಯಾಗಾರದಲ್ಲಿ ಯಾರಿಗೂ ಬರುತ್ತಿರಲಿಲ್ಲ. ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಝೈಸ್ ಇದೊಂದು ಕೊರತೆಯೆಂದು ಮನಗಂಡು, ಅದೇ ವರ್ಷ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ 26 ವರ್ಷದ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆಯವರನ್ನು ಕರೆತಂದರು.

ಅಬ್ಬೆ ತಕ್ಷಣ ಗೆಲ್ಲಲಿಲ್ಲ. ಅವರ ಲೆಕ್ಕದ ಪ್ರಕಾರ ಮಾಡಿದ ಮೊದಮೊದಲ ಲೆನ್ಸುಗಳು ಕೈಗುಣದ ಲೆನ್ಸುಗಳಿಗಿಂತ ಕಳಪೆಯಾಗಿದ್ದವು. ಆ ಸೋಲನ್ನೇ ಹಿಡಿದು ಹೋಗಿ, ಸೂಕ್ಷ್ಮದರ್ಶಕದೊಳಗೆ ಬಿಂಬ ಹೇಗೆ ಮೂಡುತ್ತದೆ ಎಂಬುದನ್ನು 1873ರಲ್ಲಿ ಪ್ರಕಟಿಸಿದರು. ಬೆಳಕಿನ ತರಂಗದೂರದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು, ಲೆನ್ಸನ್ನು ಎಷ್ಟೇ ಚೆನ್ನಾಗಿ ಉಜ್ಜಿದರೂ, ಬೇರೆ ಬೇರೆಯಾಗಿ ಕಾಣಲಾಗದು ಎಂಬುದು ಅದರ ಸಾರ. ಯೇನಾದಲ್ಲಿರುವ ಅಬ್ಬೆ ಸ್ಮಾರಕದ ಮೇಲೆ ಆ ಸೂತ್ರವನ್ನೇ ಕೆತ್ತಿದ್ದಾರೆ.

ಲೆಕ್ಕ ಸರಿಹೋದ ಮೇಲೆ ಗಾಜು ಸಾಲದಾಯಿತು. ಬೇಕಾದ ಗುಣದ ಗಾಜು ಪೇಟೆಯಲ್ಲೇ ಇರಲಿಲ್ಲ. 1879ರಲ್ಲಿ ಒಟ್ಟೊ ಶಾಟ್ ಎಂಬ ತರುಣ ರಸಾಯನಶಾಸ್ತ್ರಜ್ಞ ತಾನು ಕರಗಿಸಿದ ಲಿಥಿಯಂ ಗಾಜಿನ ತುಣುಕೊಂದನ್ನು ಅಬ್ಬೆಗೆ ಕಳಿಸಿಕೊಟ್ಟ. ಆ ತುಣುಕು ಕೆಲಸಕ್ಕೆ ಬರಲಿಲ್ಲ, ಪರಿಚಯ ಮಾತ್ರ ಗಟ್ಟಿಯಾಯಿತು. 1884ರಲ್ಲಿ ಯೇನಾದಲ್ಲೇ ಗಾಜಿನ ಪ್ರಯೋಗಾಲಯ ನಿಂತಿತು. ಎರಡೇ ವರ್ಷದಲ್ಲಿ, ಬಿಂಬದ ಅಂಚಿನಲ್ಲಿ ಬಣ್ಣದ ಕಲೆ ಬಹುಮಟ್ಟಿಗೆ ಉಳಿಯದ ಅಪೊಕ್ರೊಮ್ಯಾಟ್ ಲೆನ್ಸುಗಳು ಹೊರಬಂದವು. ಅವುಗಳಿಗೆ ಬೇಕಾದ ಫ್ಲೋರೈಟ್ ಹರಳನ್ನು ಹುಡುಕಿಕೊಂಡು ಅಬ್ಬೆ ಸ್ವಿಟ್ಜರ್ಲೆಂಡಿನ ಬೆಟ್ಟ ಹತ್ತಿದ್ದರು. ಅದಕ್ಕೆ ಮೊದಲೇ, 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದಾಗ ಅವರ ಮೇಜಿನ ಮೇಲಿದ್ದದ್ದು ಝೈಸ್‌ನ ಆಯಿಲ್ ಇಮ್ಮರ್ಷನ್ ಲೆನ್ಸು (ಸ್ಲೈಡಿಗೂ ಲೆನ್ಸಿಗೂ ನಡುವೆ ಎಣ್ಣೆಯ ಹನಿ ಹಾಕಿ ನೋಡುವಂಥದ್ದು) ಮತ್ತು ಅಬ್ಬೆಯ ಕಂಡೆನ್ಸರು.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಭಾಗ. ಅಬ್ಬೆಯ ತಂದೆ ನೂಲಿನ ಗಿರಣಿಯ ಕೆಲಸಗಾರ. ದಿನಕ್ಕೆ 14ರಿಂದ 16 ತಾಸು ನಿಂತೇ ದುಡಿಮೆ. ಮಧ್ಯಾಹ್ನ ಊಟ ಕೊಂಡೊಯ್ಯುತ್ತಿದ್ದ ಹುಡುಗ, ಅಪ್ಪ ಯಂತ್ರಕ್ಕೆ ಒರಗಿಕೊಂಡು ಗಬಗಬನೆ ತಿಂದು ಪಾತ್ರೆ ವಾಪಸು ಕೊಟ್ಟು ಆ ಕ್ಷಣವೇ ಕೆಲಸಕ್ಕೆ ಇಳಿಯುವುದನ್ನು ನೋಡುತ್ತ ಬೆಳೆದ. ಮುಂದೆ ಅದೇ ಹುಡುಗ ಕಂಪನಿಯ ಪಾಲುದಾರನಾಗಿ ಸಿರಿವಂತನಾದ. 1888ರಲ್ಲಿ ಝೈಸ್ ತೀರಿಕೊಂಡರು. ಮರುವರ್ಷವೇ ಅಬ್ಬೆ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಕಟ್ಟಿ, ಕೆಲವೇ ವರ್ಷಗಳಲ್ಲಿ ತಮ್ಮ ಪಾಲನ್ನೆಲ್ಲ ಅದಕ್ಕೆ ಬರೆದುಕೊಟ್ಟರು. ಲಾಭದಲ್ಲಿ ವಿಶ್ವವಿದ್ಯಾಲಯದ ಸಂಶೋಧನೆಗೂ ಪಾಲು ಹೋಗುವಂತೆ ಮಾಡಿದರು. 1896ರ ನಿಯಮಾವಳಿಯಲ್ಲಿ ಪಿಂಚಣಿಯ ಹಕ್ಕು, ಸಂಬಳ ಸಹಿತ ರಜೆ ಎಲ್ಲ ಇದೆ. ಆಡಳಿತ ಮಂಡಳಿಯವರ ಸಂಬಳ ಕೆಲಸಗಾರರ ಸರಾಸರಿ ಗಳಿಕೆಯ ಹತ್ತು ಪಟ್ಟು ಮೀರಬಾರದು ಎಂದೂ ಇದೆ. 1900ರಲ್ಲಿ ಎಂಟು ತಾಸಿನ ದಿನ ಜಾರಿಗೆ ಬಂತು. ಅಬ್ಬೆ ಅಲ್ಲೂ ಲೆಕ್ಕ ಇಟ್ಟರು: ಒಂಬತ್ತು ತಾಸಿನಲ್ಲಿ ಆಗುತ್ತಿದ್ದ ಕೆಲಸ ಎಂಟು ತಾಸಿನಲ್ಲಿ ಕಡಿಮೆಯಾಗಲಿಲ್ಲ, ತುಸು ಹೆಚ್ಚೇ ಆಯಿತು. ಆ ಕಂಪನಿಯ ಒಡೆತನ ಇವತ್ತಿಗೂ ಆ ಪ್ರತಿಷ್ಠಾನದ ಕೈಯಲ್ಲಿದೆ.

ಎಲ್ಲವೂ ಹೊಗಳುವಂಥದ್ದೇ ಎನ್ನಲಾರೆ. 1932ರಲ್ಲಿ ಭೌತವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ ಹಾಲೆಂಡಿನಿಂದ ಯೇನಾಗೆ ಹೋಗಿ, ಬಣ್ಣ ಹಾಕದೆ ಜೀವಂತ ಕೋಶವನ್ನು ನೋಡುವ ತಮ್ಮ ಫೇಸ್ ಕಾಂಟ್ರಾಸ್ಟ್ ವಿಧಾನವನ್ನು ತೋರಿಸಿದರು. ಇದರಿಂದ ಉಪಯೋಗವಿದ್ದಿದ್ದರೆ ನಾವೇ ಯಾವತ್ತೋ ಕಂಡುಹಿಡಿಯುತ್ತಿದ್ದೆವು ಎಂದು ಅಲ್ಲಿನ ಹಿರಿಯರೊಬ್ಬರು ಹೇಳಿ ಕಳಿಸಿದರು. ಅದೇ ವಿಧಾನಕ್ಕೆ 1953ರಲ್ಲಿ ನೊಬೆಲ್ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆಯಲ್ಲಿ ಬಲವಂತದ ದುಡಿಮೆ ನಡೆಯಿತು. ಅಬ್ಬೆಯ ನಿಯಮಗಳನ್ನು ಹೊಗಳುವವರು ಇದನ್ನು ಮುಚ್ಚಿಡಬಾರದು.

ಯುದ್ಧ ಮುಗಿದ ಮೇಲೆ ನಡೆದದ್ದನ್ನು ನಮ್ಮ ಖರೀದಿ ಸಮಿತಿಗಳವರು ಓದಬೇಕು. 1945ರಲ್ಲಿ ಯೇನಾವನ್ನು ಸೋವಿಯತ್ ಪಡೆಗೆ ಬಿಟ್ಟುಕೊಡುವ ಮುನ್ನ ಅಮೆರಿಕದ ಸೈನ್ಯ ಮುಖ್ಯವಾಗಿ ಸಾಗಿಸಿದ್ದು ಮನುಷ್ಯರನ್ನು. ಪರಿಣತರನ್ನೂ ಅವರ ಸಂಸಾರಗಳನ್ನೂ ಪಶ್ಚಿಮಕ್ಕೆ ಕರೆದೊಯ್ದರು. ಅವರು ಓಬರ್‌ಕೊಖೆನ್ ಎಂಬಲ್ಲಿ ಮತ್ತೆ ಕಂಪನಿ ಕಟ್ಟಿದರು. ಸೋವಿಯತ್ತರು ಯೇನಾದ ಕಾರ್ಖಾನೆಯ ಬಹುಭಾಗ ಯಂತ್ರಗಳನ್ನು ಬಿಚ್ಚಿ ಒಯ್ದರು, ನೂರಾರು ತಜ್ಞರನ್ನೂ ಕೆಲವು ವರ್ಷಗಳ ಮಟ್ಟಿಗೆ ಕರೆದೊಯ್ದರು. ಖಾಲಿಯಾದ ಯೇನಾದಲ್ಲಿ ಉಳಿದವರು ಅಲ್ಲೂ ಮತ್ತೆ ಸೂಕ್ಷ್ಮದರ್ಶಕ ಮಾಡತೊಡಗಿದರು. ಒಂದೇ ಹೆಸರಿಗಾಗಿ ಎರಡು ಕಂಪನಿಗಳು ಹಲವು ದೇಶಗಳ ಕೋರ್ಟು ಹತ್ತಿದವು. ಜರ್ಮನಿ ಒಂದಾದ ಮೇಲಷ್ಟೇ ಇವೂ ಒಂದಾದವು. ಇವತ್ತು ಅತಿ ಸೂಕ್ಷ್ಮ ಕಂಪ್ಯೂಟರ್ ಚಿಪ್ ಅಚ್ಚು ಹಾಕುವ ಯಂತ್ರಗಳ ಕನ್ನಡಿಗಳು ಬರುವುದು ಅದೇ ಓಬರ್‌ಕೊಖೆನ್‌ನಿಂದ.

ಈಗ ನಮ್ಮ ಕಡೆಯ ಮಾತು. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಬೀರುವಿನೊಳಗಿನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಗಾಜಿನ ಮೇಲೆ ಸಣ್ಣ ಬೇರು ಹರಡಿದಂತೆ ಕಾಣುತ್ತದೆ. ಪ್ರಾಕ್ಟಿಕಲ್ ಮುಗಿದ ಮೇಲೆ ಒರೆಸದೆ ಬಿಟ್ಟ ಸಿಡಾರ್ ಎಣ್ಣೆ ನೂರು ಪಟ್ಟಿನ ಆಬ್ಜೆಕ್ಟಿವ್ (ಸ್ಲೈಡಿನ ಪಕ್ಕದ ಲೆನ್ಸು) ಮೇಲೆ ಅಂಟಾಗಿ ಕೂರುತ್ತದೆ. ಗ್ರೀಸ್ ಗಟ್ಟಿಯಾಗಿ ಫೋಕಸ್ ತಿರುಪು ಅಲುಗುವುದಿಲ್ಲ. ಇವು ಯಾವುವೂ ದೊಡ್ಡ ಕಾಯಿಲೆಗಳಲ್ಲ. ಕೈ ಪಳಗಿದ ಒಬ್ಬ ಮೆಕ್ಯಾನಿಕ್ ಒಂದು ಮಧ್ಯಾಹ್ನ ಕೂತರೆ ನಾಲ್ಕಾರು ಸೂಕ್ಷ್ಮದರ್ಶಕ ಸರಿಯಾಗುತ್ತವೆ. ನಾನಿದ್ದ ಕಾಲೇಜಿನಲ್ಲಿ ಆ ಮೆಕ್ಯಾನಿಕ್ ಇರಲಿಲ್ಲ, ಅಂಥ ಹುದ್ದೆಯೇ ಇರಲಿಲ್ಲ. ನಮ್ಮ ಅಟೆಂಡರ್ ತನಗೆ ತಿಳಿದಷ್ಟು ಒರೆಸಿ ಇಡುತ್ತಿದ್ದರು, ಅಷ್ಟೇ. ಹೊಸದು ಕೊಳ್ಳಲು ಅನುದಾನ ಬರುತ್ತಿತ್ತು, ಇದ್ದದ್ದನ್ನು ರಿಪೇರಿ ಮಾಡಿಸಲು ಹಣಕ್ಕೆ ಶೀರ್ಷಿಕೆಯೇ ಇಲ್ಲವೆಂದು ಕಡತ ವಾಪಸು ಬರುತ್ತಿತ್ತು. ಹಾಗಾಗಿ ಒಳ್ಳೆಯ ಉಪಕರಣಗಳು ಗುಜರಿ ಪಟ್ಟಿ ಸೇರಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ತಮ್ಮಲ್ಲಿ ನನ್ನ ಕೋರಿಕೆ ಎರಡು. ಉಪಕರಣ ಖರೀದಿಯ ಸುದ್ದಿ ಬರೆಯುವಾಗ ತಮ್ಮ ವರದಿಗಾರರು ಬೆಲೆಯ ಜೊತೆಗೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಇದೆಯೇ, ನೋಡಿಕೊಳ್ಳುವವರು ಯಾರು ಎಂದು ಕೇಳಿ ಅಚ್ಚು ಹಾಕಲಿ. ಇನ್ನು ವಿಜ್ಞಾನ ಪುಟದಲ್ಲಿ ಝೈಸ್, ಅಬ್ಬೆ, ಶಾಟ್ ಅಂಥವರ ಬಗ್ಗೆ, ಹಾಗೆಯೇ ಕಾಲೇಜುಗಳಿಗೆ ಸೂಕ್ಷ್ಮದರ್ಶಕ ಮಾಡಿ ಕಳಿಸುವ ನಮ್ಮದೇ ದೇಶದ, ಹರಿಯಾಣದ ಅಂಬಾಲಾದ ಕುಶಲಕರ್ಮಿಗಳ ಬಗ್ಗೆ ಲೇಖನಮಾಲೆ ತನ್ನಿ.

ಉನ್ನತ ಶಿಕ್ಷಣ ಇಲಾಖೆಯವರಿಗೂ ಒಂದು ಸಲಹೆ. ಐಟಿಐಗಳಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕೋರ್ಸ್ ಇದೆ. ಆ ಮಕ್ಕಳಿಗೆ ದೃಗ್ ಉಪಕರಣಗಳ ರಿಪೇರಿಯನ್ನೂ ಕಲಿಸಿ, ಜಿಲ್ಲೆಯ ವಿಜ್ಞಾನ ಕಾಲೇಜುಗಳಿಗೆಲ್ಲ ಸೇರಿ ಇಬ್ಬರನ್ನು ನೇಮಿಸಿ. ಒಬ್ಬರು ಬೂಷ್ಟು ಬಿಡಿಸುವ ಕೆಲಸವನ್ನು ಜೂನ್‌ಗೆ ಮೊದಲೇ ಶುರು ಮಾಡಲಿ.

ಇಂತಿ ತಮ್ಮ ಓದುಗ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಶಿವಮೊಗ್ಗ ಜಿಲ್ಲೆ