ಗ್ರಾಮಸಭೆಯಲ್ಲಿ ಮಾತನಾಡುವವರ ಗಮನಕ್ಕೆ

ಸಂಘದ ಅಕ್ಕತಂಗಿಯರೇ, ಗುರುವಾರದ ಗ್ರಾಮಸಭೆಯಲ್ಲಿ ಈ ಸಲ ನಮ್ಮ ಕಡೆಯಿಂದ ಮೂವರಾದರೂ ಎದ್ದು ಮಾತನಾಡಬೇಕು. ಹಿಂದಿನ ಸಾಲಿನಲ್ಲಿ ಕುಳಿತು ಪಿಸುಗುಟ್ಟಿದ್ದು ನಡಾವಳಿ ಪುಸ್ತಕಕ್ಕೆ ಏರುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಅಲ್ಲಿ ನಾವು ಯಾರ ಅತಿಥಿಗಳೂ ಅಲ್ಲ.

ಭಾಷಣ ಬರೆದುಕೊಂಡು ಬರಬೇಡಿ. ಕಾಗದ ನೋಡಿ ಓದಿದರೆ ಪಾಠ ಒಪ್ಪಿಸಿದ ಹಾಗಾಗುತ್ತದೆ, ಒಂದು ಸಾಲು ತಪ್ಪಿದರೆ ಗಂಟಲು ಕಟ್ಟುತ್ತದೆ. ಮನೆಯಲ್ಲಿ ಆಡುವ ಮಾತಿನಲ್ಲೇ ಹೆಸರು, ಕೇರಿ, ತೊಂದರೆ, ಏನಾಗಬೇಕು ಎಂಬುದನ್ನು ಹೇಳಿ. "ನೀರು ಸರಿಯಾಗಿ ಬರುತ್ತಿಲ್ಲ" ಎಂದರೆ "ನೋಡೋಣ" ಎಂಬ ಉತ್ತರ ಸಿಗುತ್ತದೆ. "ನಮ್ಮ ಕೇರಿಗೆ ವಾರದಲ್ಲಿ ಎರಡೇ ದಿನ, ಅದೂ ರಾತ್ರಿ ಹನ್ನೊಂದಕ್ಕೆ ನೀರು, ಬೆಳಿಗ್ಗೆ ಬಿಡಿಸಿ" ಎಂದರೆ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಪೆನ್ನು ತೆಗೆಯಲೇಬೇಕು. ಕೈ ನಡುಗಿದರೆ ನಡುಗಲಿ, ಮೈಕ್ ಸ್ಟ್ಯಾಂಡಿನಲ್ಲೇ ಇರಲಿ. ಯಾರಾದರೂ ನಡುವೆ ಬಾಯಿ ಹಾಕಿದರೆ (ಯಾರೆಂದು ನಿಮಗೂ ಗೊತ್ತು) ಜಗಳಕ್ಕೆ ಹೋಗದೆ, ಅವರು ಮುಗಿಸುವವರೆಗೆ ನಿಂತಿದ್ದು, ಬಿಟ್ಟಲ್ಲಿಂದಲೇ ಮುಂದುವರಿಸಿ. ಕುಳಿತುಕೊಳ್ಳುವ ಮುನ್ನ "ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ" ಎನ್ನಲು ಮರೆಯಬೇಡಿ.

ಮಾತನಾಡುವವರು ಮಂಗಳವಾರದೊಳಗೆ ಹೆಸರು ಕಳುಹಿಸಿ. ಬುಧವಾರ ಸಂಜೆ ಸಂಘದ ಸಭೆಯಲ್ಲಿ ಒಬ್ಬೊಬ್ಬರೂ ಎದ್ದುನಿಂತು ಒಮ್ಮೆ ಹೇಳಿ ನೋಡೋಣ.